ಫೋರ್ಕಿಗೆ ಕಟ್ಟಿದ ದಾರ

ವರದಾ ನದಿಯ ದಂಡೆಯಲ್ಲಿ ಚಮನ್‌ಸಾಬ್ ಉಸ್ತಾದರ ಗ್ಯಾರೇಜು. ಮೇಲೆ ತಗಡು, ಕೆಳಗೆ ಮರಳು, ಪಕ್ಕದಲ್ಲಿ ಒಂದು ಹೊಂಗೆಮರ. ನಲವತ್ತು ವರ್ಷದಿಂದ ಅಲ್ಲಿ ಮೋಟಾರ್‌ಸೈಕಲ್ ರಿಪೇರಿ ಮಾಡುತ್ತಿದ್ದರು. ಮಾತು ಕಡಿಮೆ.

ಅವರ ಶಿಷ್ಯ ಫಕ್ಕೀರೇಶ. ಕುಸ್ತಿ ಆಡಿ ಬೆಳೆದ ಮೈ, ಚುರುಕಾದ ಕೈ. ನಾಲ್ಕು ವರ್ಷದಿಂದ ಕಲಿಯುತ್ತಿದ್ದ. ಇಡೀ ಒಂದು ಕೆಲಸ ಅವನ ಪಾಲಿಗೆ ಇನ್ನೂ ಬಂದಿರಲಿಲ್ಲ.

ಒಂದು ಬೆಳಿಗ್ಗೆ ದಾಕ್ಷಾಯಿಣಿ ಸಿಸ್ಟರ್ ಬಂದರು. ಆರೋಗ್ಯ ಕೇಂದ್ರದ ನರ್ಸು. ಗಿಡ್ಡ ಆಳು, ಸಣಕಲು ಮೈ. ಏಳು ಊರುಗಳ ಲಸಿಕೆ, ಬಾಣಂತಿಯರ ಆರೈಕೆ ಎಲ್ಲ ಅವರದೇ. ಸೀಟು ತಗ್ಗಾಗಿದೆ, ಕಾಲು ನೆಲಕ್ಕೆ ಎಟುಕುತ್ತದೆ ಎಂದು ಒಂದು ಸಣ್ಣ ಕ್ರೂಸರ್ ಬೈಕ್ ಕೊಂಡಿದ್ದರು.

"ತಗ್ಗು ಬಂದಾಗೊಮ್ಮೆ ಮುಂಗೈಗೆ ಹೊಡಿತೈತ್ರಿ ಉಸ್ತಾದ್," ಎಂದರು. "ಊರು ಮುಟ್ಟೂದ್ರಾಗ ಬೆರಳು ಜೋಮು ಹಿಡಿತಾವು. ಮೊನ್ನೆ ಕೂಸಿಗೆ ಸೂಜಿ ಮಾಡುವಾಗ ಕೈ ನಡುಗಿತು. ಅದರ ತಾಯಿ ನೋಡಿಬಿಟ್ಲು."

ಉಸ್ತಾದರು ತಲೆಯಾಡಿಸಿದರು.

"ಸರಿ ಆಗಲಿಲ್ಲಂದ್ರ ಮಾರಿಬಿಡ್ತೀನಿ."

"ಮಾರಿದ್ರ ಹೆಂಗ ತಿರುಗ್ತೀರಿ?"

"ಬಸ್ಸಿನ್ಯಾಗ. ಅದು ಹೋಗೂದು ಎರಡೇ ಊರಿಗೆ."

ಉಸ್ತಾದರು ಶಿಷ್ಯನತ್ತ ತಿರುಗಿದರು. "ಫಕ್ಕೀರೇಶ, ಈ ಕೆಲಸ ನಿಂದು."

ಫಕ್ಕೀರೇಶನಿಗೆ ಹಿಗ್ಗು. ಮುಂಚಕ್ರ ಹಿಡಿದಿರುವ ಎರಡೂ ಫೋರ್ಕ್ ಬಿಚ್ಚಿದ. ಒಳಗಿನ ಹಳೆಯ ಸ್ಪ್ರಿಂಗ್ ತೆಗೆದು ಗಟ್ಟಿ ಸ್ಪ್ರಿಂಗ್ ಕೂರಿಸಿದ. ತೆಳು ಎಣ್ಣೆ ಚೆಲ್ಲಿ ಮಂದ ಎಣ್ಣೆ ತುಂಬಿದ. ಸ್ಪ್ರಿಂಗು ಬಿಗಿಯಾಗಿರಲಿ ಎಂದು ಅದರ ತಲೆಯ ಮೇಲೆ ಉದ್ದದೊಂದು ಪೈಪಿನ ತುಂಡು ಇಟ್ಟ. ಮೂರು ದಿನ ಬಿಚ್ಚಿದ, ಕಟ್ಟಿದ, ಓಡಿಸಿದ, ಮತ್ತೆ ಬಿಚ್ಚಿದ.

ನಾಲ್ಕನೆಯ ದಿನ ಸೇತುವೆಯವರೆಗೆ ಹೋಗಿಬಂದು ಇಳಿದ. "ಹಾಸಿಗಿ ಮ್ಯಾಲೆ ಕುಂತಂಗ ಐತ್ರಿ ಉಸ್ತಾದ್!"

ಸಿಸ್ಟರ್ ಗಾಡಿ ಒಯ್ದರು.

ವಾರ ಕಳೆದು ತಿರುಗಿ ಬಂದಾಗ ಅವರ ಬಲ ಮುಂಗೈಗೆ ಬಟ್ಟೆಯ ಪಟ್ಟಿ ಸುತ್ತಿತ್ತು.

"ಮೊದಲಿಗಿಂತ ಜಾಸ್ತಿ ಆಗೇತ್ರಿ. ಗಿರಾಕಿ ಯಾರರ ಇದ್ರ ಹೇಳ್ರಿ."

ಫಕ್ಕೀರೇಶನ ಮುಖ ಬಿಸಿಯಾಯಿತು. "ಎಲ್ಲಾ ಛಲೋ ಸಾಮಾನು ಹಾಕೇನ್ರಿ. ನಾನ ಓಡಿಸಿ ನೋಡೇನಿ. ನೀವು ಹ್ಯಾಂಡಲ್ ಬಾಳ ಬಿಗಿ ಹಿಡಿತೀರಿ ಕಾಣ್ತೈತಿ."

ಸಿಸ್ಟರ್ ಪಟ್ಟಿ ಕಟ್ಟಿದ ಕೈಯನ್ನು ದುಪಟ್ಟಾದೊಳಗೆ ಎಳೆದುಕೊಂಡರು.

ಉಸ್ತಾದರು ಎದ್ದರು. ಡಬ್ಬಿಯಿಂದ ಒಂದು ಕರಿದಾರ ತೆಗೆದು ಫೋರ್ಕಿನ ಹೊಳೆಯುವ ಕೊಳವೆಗೆ ಸುತ್ತಿ ಗಂಟು ಹಾಕಿದರು.

ಫಕ್ಕೀರೇಶ ನಕ್ಕ. "ದೃಷ್ಟಿದಾರ ಏನ್ರಿ?"

"ಹೌದು. ದೃಷ್ಟಿ ನಿಂದು."

ಆಮೇಲೆ ದಾರವನ್ನು ಕೊಳವೆಯ ಬುಡಕ್ಕೆ ಸರಿಸಿದರು. ಫೋರ್ಕ್ ಎಷ್ಟು ಕುಸಿಯುತ್ತದೋ ದಾರ ಅಷ್ಟು ಮೇಲೇರಿ ಅಲ್ಲೇ ನಿಲ್ಲುತ್ತದೆ.

"ಸೇತುವಿತನಕ ಹೋಗಿ ಬಾ," ಎಂದರು.

ಫಕ್ಕೀರೇಶ ಹೋಗಿಬಂದ. ಉಸ್ತಾದರು ಬೆರಳಿಟ್ಟು ಅಳೆದರು. ದಾರ ನಾಲ್ಕು ಬೆರಳು ಮೇಲೇರಿತ್ತು. ಅದನ್ನು ಮತ್ತೆ ಬುಡಕ್ಕೆ ಇಳಿಸಿದರು.

"ಸಿಸ್ಟರ್, ಈಗ ನೀವು. ಅದ ಸೇತುವಿತನಕ ಹೋಗಿ ಬರ್ರಿ."

ಸಿಸ್ಟರ್ ಗಾಡಿ ಹತ್ತಿ ಹೊರಟರು. ಅವರು ಗಾಡಿ ಓಡಿಸುವುದನ್ನು ಫಕ್ಕೀರೇಶ ನಿಂತು ನೋಡಿದ್ದು ಅದೇ ಮೊದಲು. ಎರಡೂ ತೋಳು ಹ್ಯಾಂಡಲಿನತ್ತ ನೆಟ್ಟಗೆ ಚಾಚಿದ್ದವು. ಮೊಣಕೈ ಮಡಿಯಲು ಜಾಗವೇ ಇರಲಿಲ್ಲ. ಪ್ರತಿ ತಗ್ಗಿಗೂ ಹೆಗಲು ಜಿಗಿಯುತ್ತಿತ್ತು.

ಅವರು ಬಂದು ನಿಂತ ಮೇಲೆ ಅವನೇ ಬಗ್ಗಿ ಅಳೆದ. ಮತ್ತೊಮ್ಮೆ ಅಳೆದ. ದಾರ ಒಂದು ಬೆರಳೂ ಏರಿರಲಿಲ್ಲ.

ಫಕ್ಕೀರೇಶ ಮರಳಿನ ಮೇಲೆ ಕೂತುಬಿಟ್ಟ.

"ನಾ ಎಂಬತ್ತಾರು ಕೆಜಿ ಅದೀನಿ," ಎಂದ. "ಸಿಸ್ಟರ್, ನೀವು?"

"ನಲವತ್ತೈದು."

"ಸ್ಪ್ರಿಂಗ್ ನಿಮಗ ಬಗ್ಗೇ ಇಲ್ರಿ. ಬಿದ್ದ ಏಟೆಲ್ಲಾ ಸೀದಾ ನಿಮ್ಮ ಮುಂಗೈಗೆ ಬಂದಾವು." ಅವನು ತಲೆಯೆತ್ತಲಿಲ್ಲ. "ನೀವು ಬಿಗಿ ಹಿಡಿತೀರಿ ಅಂತ ನಾ ಅನಬಾರದಿತ್ತು. ತಪ್ಪಾತ್ರಿ."

ಸಿಸ್ಟರ್ ಹೊಂಗೆಮರದ ಕೆಳಗೆ ಹೋಗಿ ಕೂತರು. "ಸಂಜಿಮಟ ರಜಾ ಐತಿ," ಎಂದರು. "ಮಾಡು ನೋಡೂಣು."

ಹಳೆಯ ಸ್ಪ್ರಿಂಗ್‌ಗಳು ಮತ್ತೆ ಒಳಗೆ ಹೋದವು. ಮೊದಲಿಗಿಂತಲೂ ತೆಳು ಎಣ್ಣೆ ಬಂತು. ಪೈಪಿನ ತುಂಡನ್ನು ಫಕ್ಕೀರೇಶ ಅಷ್ಟಷ್ಟೇ ಕತ್ತರಿಸಿದ. ಕತ್ತರಿಸಿದಾಗೊಮ್ಮೆ ಫೋರ್ಕ್ ಕಟ್ಟಿ ಸಿಸ್ಟರನ್ನು ಕೂರಿಸಿದ, ಓಡಿಸಲು ಹೇಳಿದ, ದಾರ ನೋಡಿದ. ಹ್ಯಾಂಡಲನ್ನು ಅವರತ್ತ ತಿರುಗಿಸುತ್ತಾ ಹೋದ.

"ಇಲ್ಲಿ?"

"ಇನ್ನೊಂದೀಟು."

"ಇಲ್ಲಿ?"

"ಹಾಂ. ಈಗ ಮೊಣಕೈ ಮಡಿತೈತಿ."

ಉಸ್ತಾದರು ಒಂದು ಸ್ಪ್ಯಾನರನ್ನೂ ಮುಟ್ಟಲಿಲ್ಲ. ಮೂರು ಸಲ ಚಹಾ ಕುಡಿದರು.

ಬಿಸಿಲು ನೀರಿಗೆ ಇಳಿಯುವ ಹೊತ್ತಿಗೆ ಸಿಸ್ಟರ್ ಸೇತುವೆಯವರೆಗೆ ಹೋಗಿಬಂದರು. ಗಾಡಿಯಿಂದ ಇಳಿಯಲಿಲ್ಲ. ಯಾರೂ ಹೇಳದೆ ಇನ್ನೊಂದು ಸಲ ಹೋದರು. ತಿರುಗಿ ಬಂದಾಗ ಬೆರಳುಗಳನ್ನು ಬಿಡಿಸಿ, ಮಡಿಸಿ, ಮತ್ತೆ ಬಿಡಿಸಿ ನೋಡಿಕೊಂಡರು.

"ಜೋಮಿಲ್ಲ," ಎಂದು ನಕ್ಕರು. "ನಾಳೆ ಮೇಲಿನೂರಿಗೆ ಇದರ ಮ್ಯಾಲೇ ಹೊಂಟೆ."

ಫಕ್ಕೀರೇಶನಿಗೆ ಮನಸ್ಸು ತಡೆಯಲಿಲ್ಲ. "ಒಂದ ಸಲ ನಾನೂ ನೋಡ್ತೀನ್ರಿ," ಎಂದು ಹತ್ತಿ ಹೊರಟ.

ಬಂದವನ ಮುಖ ಇಳಿದಿತ್ತು. ಉಸ್ತಾದರು ನದಿಯಲ್ಲಿ ಕೈ ತೊಳೆಯುತ್ತಿದ್ದರು. ಅಲ್ಲಿಗೇ ಓಡಿದ.

"ಉಸ್ತಾದ್, ಬ್ರೇಕ್ ಹಿಡಿದ್ರ ಮುಂದ ಮುಗ್ಗರಸ್ತೈತಿ. ಹ್ಯಾಂಡಲ್ ಮೊಣಕಾಲಿಗೆ ಬಡಿತೈತಿ. ನನಗ ಒಟ್ಟ ಕುಂದ್ರಾಕ ಆಗವಲ್ದು. ಮತ್ತ ಬಿಚ್ಚಲೇನ್ರಿ?"

ಉಸ್ತಾದರು ಕೈಯ ನೀರು ಝಾಡಿಸಿದರು.

"ನಿನಗ ಆಗವಲ್ದು?"

"ಒಟ್ಟ ಆಗವಲ್ದು."

"ಹಂಗಾರ ಕೆಲಸ ಮುಗೀತು. ಕೀಲಿ ಅವರ ಕೈಗೆ ಕೊಡು."