ಮುಗಿಸಲಾರದ ಮಾತು

"ಮಹಾರಾಣಿ ಪದುಮಲೆಯವರು ತೀರಿಕೊಂಡಿದ್ದಾರೆ. ಅವರ ಕುರಿತು ಊರಿನ ಮುಂದೆ ನಿಂತು ಮಾತಾಡಲು ಒಬ್ಬರು ಬೇಕಾಗಿದ್ದಾರೆ. ಅರಸರ ಮೂರು ಒಗಟು ಬಿಡಿಸಿದವರಿಗೆ ಆ ಗೌರವ, ಜೊತೆಗೆ ಬೇಡಿದ್ದು. ತಪ್ಪಿದವರಿಗೆ ಅಮಾವಾಸ್ಯೆಯಂದು ತಲೆದಂಡ."

ಡಂಗುರದ ಜವರ ಇದನ್ನು ಹೊಂಬಾಳೆಪುರದ ಬೀದಿಬೀದಿಯಲ್ಲಿ ಸಾರಿ, ತಮಟೆಯನ್ನು ಗೂಟಕ್ಕೆ ನೇತುಹಾಕಿದ. ಸತ್ತವರ ಕುರಿತು ಯಾರಾದರೂ ಮಾತಾಡಿದ ಮೇಲೆಯೇ ಬೂದಿಯನ್ನು ಹೊಳೆಗೆ ಬಿಡುವುದು ಅಲ್ಲಿಯ ವಾಡಿಕೆ. ಅಲ್ಲಿಯವರೆಗೆ ಮದುವೆಯಿಲ್ಲ, ಸಂತೆಯಿಲ್ಲ, ತಮಟೆಯಿಲ್ಲ. ಬೂದಿಯ ಕುಡಿಕೆ ಅರಸ ಇಂದುಧರನ ಪಕ್ಕದಲ್ಲೇ ಇತ್ತು. ಕಾದು ಕಾದು ಊರು ದಣಿದಿತ್ತು.

ಮೊದಲು ಹೋದವರು ಆಸ್ಥಾನಕವಿ ನಾಗಾರ್ಯರು. ಅರಸ ತಲೆಯೆತ್ತದೆ ಕೇಳಿದ: "ಒಬ್ಬ ಔತಣಕ್ಕೆಂದು ದಿನವಿಡೀ ಅಡುಗೆ ಮಾಡುತ್ತಾನೆ. ಒಯ್ಯುವುದು ಒಂದು ಹಿಡಿ ಮಾತ್ರ. ಎಲ್ಲವನ್ನೂ ಒಯ್ದರೆ ಉಣ್ಣುವವರು ಹಸಿದೇ ಏಳುತ್ತಾರೆ. ಆ ಅಡುಗೆ ಯಾವುದು?"

ವಿದ್ಯೆ ಎಂದರು ನಾಗಾರ್ಯರು. ಅದಕ್ಕೆ ಆಧಾರಗಳನ್ನು ದೀಪ ಹಚ್ಚುವವರೆಗೂ ಹೇಳಿದರು. ಅರಸ ಅವರನ್ನು ಸೆರೆಗೆ ಕಳುಹಿಸಿದ. ಆಮೇಲೆ ಬಂದ ದಂಡನಾಯಕ ಬಮ್ಮಯ್ಯ, ಅದು ಕೋಪ ಎಂದ. ಮನೆಯಲ್ಲಿ ಬೇಯಿಸಿಕೊಂಡು ರಣಕ್ಕೆ ಸ್ವಲ್ಪವೇ ಒಯ್ಯಬೇಕಂತೆ. ಕಾವಲಿನವರಿಗೆ ನಗು ಬಂತು. ಅರಸನಿಗೆ ಬರಲಿಲ್ಲ. ಬಮ್ಮಯ್ಯನೂ ಸೆರೆಗೆ ಹೋದ. ಬೇರೆ ಯಾರೂ ಮುಂದೆ ಬರಲಿಲ್ಲ.

ಅಮಾವಾಸ್ಯೆ ಹತ್ತಿರವಾದಾಗ ನಾಗಾರ್ಯರ ಹೆಂಡತಿ ಜವರನ ಗುಡಿಸಲಿಗೆ ಬಂದರು. "ನಿನ್ನ ದನಿ ಕೇಳಿಯೇ ಅವರು ಎದ್ದು ಹೋದರಪ್ಪ" ಎಂದರು. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. ಜವರನಿಗೆ ಅಂದು ಊಟ ಸೇರಲಿಲ್ಲ. ಬೆಳಿಗ್ಗೆ ಅರಮನೆಗೆ ನಡೆದ.

"ಕೂಗಿದವನೂ ನೀನೇ, ಬರುವವನೂ ನೀನೇ ಏನಯ್ಯ?" ಎಂದ ಬಾಗಿಲ ಕಾವಲಿನವ.

ಮೊದಲ ಒಗಟು ಕೇಳಿ ಜವರ ಕೈಮುಗಿದ. "ಬುದ್ಧಿ, ಅದು ಮಾತು. ಕೆರೆಯ ನೀರು ಬಿಡುವಾಗ ಯಾವ ತೂಬು, ಎಷ್ಟು ಹೊತ್ತಿಗೆ, ಯಾಕೆ ಅಂತ ಎಲ್ಲ ವಿಚಾರಿಸಿಕೊಳ್ಳುತ್ತೇನೆ. ಕೂಗುವುದು, ನಾಳೆ ನೀರು ಬಿಡುತ್ತಾರೆ, ದನ ಇಳಿಸಬೇಡಿ ಅಂತ ಅಷ್ಟೇ. ಎಲ್ಲ ಹೇಳುತ್ತ ಕೂತರೆ ಯಾವುದೂ ಯಾರ ತಲೆಯಲ್ಲೂ ನಿಲ್ಲುವುದಿಲ್ಲ."

ಅರಸ ಈಗ ತಲೆಯೆತ್ತಿದ. "ಸಭೆಯಲ್ಲಿ ಒಬ್ಬರಿದ್ದಾರೆ. ಅವರನ್ನು ಯಾರೂ ಕರೆದು ಕೂರಿಸಿಲ್ಲ. ಅವರಿಗೆ ತಲುಪಿದರೆ ಎಲ್ಲರಿಗೂ ತಲುಪಿತು. ಯಾರು?"

"ಕೊನೆಯಲ್ಲಿ ನಿಂತವರು, ಬುದ್ಧಿ. ಕೆಲಸ ಕಲಿಯುವಾಗ ನಾನು ಬಯಲಲ್ಲಿ ನಿಂತು ಕೂಗುತ್ತಿದ್ದೆ. ನಮ್ಮವ್ವ ಬೇಲಿಯ ಆಚೆ ನಿಂತಿರುತ್ತಿದ್ದಳು. ಕೇಳಿಸಿದರೆ ಸೆರಗು ಎತ್ತಿ ತೋರಿಸುತ್ತಿದ್ದಳು. ಈಗ ಅವಳಿಲ್ಲ. ದೂರದಲ್ಲಿ ಯಾರು ನಿಂತಿದ್ದರೂ ಅವಳೇ ಅಂದುಕೊಂಡು ಕೂಗುತ್ತೇನೆ."

ಅರಸ ಬೂದಿಯ ಕುಡಿಕೆಯನ್ನು ತನ್ನ ಕಡೆಗೆ ಎಳೆದುಕೊಂಡ. ಆಮೇಲೆ ಮೆಲ್ಲಗೆ ಕೇಳಿದ: "ಸಭೆಯಲ್ಲಿ ಎಲ್ಲರೂ ಅದಕ್ಕೆ ಕಾಯುತ್ತಾರೆ. ಕೊಡಬಲ್ಲವನು ಮಾತಾಡುವವನೊಬ್ಬನೇ. ಅವನಿಗೆ ಕೊಡಲು ಮನಸ್ಸಾಗುವುದಿಲ್ಲ. ಅದೇನು?"

ಜವರನ ಕಣ್ಣು ಬೂದಿಯ ಕುಡಿಕೆಯ ಮೇಲೆ ಹೋಯಿತು. ಉತ್ತರ ಹೊಳೆಯಿತು, ಅವನು ಒಂದು ಹೆಜ್ಜೆ ಹಿಂದೆ ಸರಿದ. ಕಾವಲಿನವ ಒಂದು ಹೆಜ್ಜೆ ಮುಂದೆ ಬಂದ.

"ಮುಗಿಸುವುದು, ಬುದ್ಧಿ" ಎಂದ ಜವರ. "ಯಾರಾದರೂ ಮಾತಾಡಿ ಮುಗಿಸಿದರೆ ಆ ಕುಡಿಕೆ ಹೊಳೆಗೆ ಹೋಗಬೇಕು. ಯಾರೂ ಮುಗಿಸಬಾರದು ಅಂತಲೇ ತಾವು ಒಗಟು ಇಟ್ಟಿರಿ."

ಕಾವಲಿನವನ ಕೈ ಕತ್ತಿಯ ಹಿಡಿಗೆ ಹೋಯಿತು. ಅರಸ ಬೇಡವೆಂದು ಕೈಯಾಡಿಸಿದ.

"ಹೌದು" ಎಂದ. "ಏನು ಬೇಕು, ಬೇಡಿಕೋ."

ಜವರ ಸೆರೆಯಲ್ಲಿದ್ದ ಇಬ್ಬರ ಜೀವ ಬೇಡಿದ. ಅರಸ ಒಪ್ಪಿ, ಇನ್ನು ಸಭೆಯಲ್ಲಿ ಮಾತಾಡುವವನು ನೀನೇ ಎಂದ. ಜವರ ಒಲ್ಲೆನೆಂದು ತಲೆಯಾಡಿಸಿದ. ತಾನು ರಾಣಿಯಮ್ಮನವರನ್ನು ದೂರದಿಂದ ಕಂಡವನು, ಅರಸರೇ ಮಾತಾಡಬೇಕು, ತಾನು ಕೊನೆಯಲ್ಲಿ ನಿಂತಿರುತ್ತೇನೆ ಎಂದ.

ಮರುದಿನ ಅರಸ ಅಭ್ಯಾಸಕ್ಕೆಂದು ಖಾಲಿ ಬಯಲಲ್ಲಿ ನಿಂತು ಮಾತಾಡಿದ. ಜವರ ದೂರದ ಹುಣಸೆಮರದ ಕೆಳಗೆ ನಿಂತು, ಕೇಳಿಸಿದಾಗಲೆಲ್ಲ ಹೆಗಲ ವಸ್ತ್ರ ಎತ್ತಿ ತೋರಿಸಿದ. ಅರಸ ಮದುವೆಯಿಂದ ಹಿಡಿದು ಕಾಯಿಲೆಯವರೆಗೆ ಎಲ್ಲವನ್ನೂ ಹೇಳಿದ, ಬಿಸಿಲು ಇಳಿಯಿತು. ಜವರ ಹತ್ತಿರ ಬಂದು, "ಇದರಲ್ಲಿ ಒಂದು ಹಿಡಿ ಯಾವುದು, ಬುದ್ಧಿ?" ಎಂದು ಕೇಳಿದ. ಅರಸ ಬಹಳ ದಿನ ಅದನ್ನೇ ಹುಡುಕಿದ.

ಕೊನೆಗೆ ಊರು ಸೇರಿತು. ಸೆರೆಯಿಂದ ಬಿಟ್ಟ ನಾಗಾರ್ಯರು ಹೆಂಡತಿಯ ಪಕ್ಕದಲ್ಲಿ ಕೂತಿದ್ದರು. ಅರಸ ಹುಣಸೆಮರದ ಕಡೆ ನೋಡಿ ಹೇಳಿದ:

"ಅವಳಿಗೆ ಬೇಗ ಎಚ್ಚರವಾಗುತ್ತಿತ್ತು. ನನ್ನ ನಿದ್ದೆ ಕೆಡದಿರಲೆಂದು ಬಳೆಗಳನ್ನು ಮೇಲಕ್ಕೇರಿಸಿಕೊಂಡು ಎದ್ದು ಹೋಗುತ್ತಿದ್ದಳು. ಈಗ ನನಗೆ ಅದೇ ಹೊತ್ತಿಗೆ ಎಚ್ಚರವಾಗುತ್ತದೆ."

ಇನ್ನೊಂದು ಮಾತಿಗೆ ಅವನ ಬಾಯಿ ತೆರೆಯಿತು. ಮರದ ಕೆಳಗೆ ಜವರನ ವಸ್ತ್ರ ಮೇಲೆದ್ದಿತ್ತು. ಅರಸ ಬಾಯಿ ಮುಚ್ಚಿ, ಕುಡಿಕೆಯನ್ನು ತಾನೇ ಎತ್ತಿಕೊಂಡು ಹೊಳೆಯ ಕಡೆ ನಡೆದ.

ಜವರನಿಗೆ ಕೆರೆಯ ಕೆಳಗಿನ ಗದ್ದೆ ಉಂಬಳಿಯಾಗಿ ಸಿಕ್ಕಿತು. ಆ ಸಂಜೆ ಅವನು ತಮಟೆಯನ್ನು ಗೂಟದಿಂದ ಇಳಿಸಿ, ಬೆಂಕಿಗೆ ಹಿಡಿದು ಬಿಸಿ ಮಾಡಿ, ನಾಳೆ ಸಂತೆ ಇದೆ ಎಂದಷ್ಟೇ ಸಾರಿದ.