ಮೂರು ಸಲದ ಕೂಗು

ಹೊಳೆಯ ಸೆಳವು ತಗ್ಗುವವರೆಗೆ ದೋಣಿ ಬಿಡಲಾಗದೆಂದು ಅಂಬಿಗನು ಹೇಳಿಬಿಟ್ಟ ದಿನ, ಕೃಷ್ಣೆಯ ದಡದಲ್ಲಿ ಕಾದು ಕುಳಿತ ಪಯಣಿಗರಿಗೆ ಮುದುಕಿ ನೀಲವ್ವ ಹೇಳಿದ ವೃತ್ತಾಂತವಿದು. ಅವಳು ಆ ದಡದ ಛತ್ರದಲ್ಲಿ ಬಹುಕಾಲ ಅಡುಗೆ ಮಾಡಿದವಳು.

ಛತ್ರದ ಹಿರಿಯರು ಅಡವಯ್ಯನವರು. ನಲವತ್ತು ವರ್ಷ ಅತಿಥಿಗಳಿಗೆ ಉಣಬಡಿಸಿದವರು. ಅಲ್ಲಿ ಒಂದು ನೇಮವಿತ್ತು. ಬಂದವರೆಲ್ಲ ಉಂಡ ಬಳಿಕ ಹಿರಿಯನಾದವನು ಬಾಗಿಲಿಗೆ ಹೋಗಿ, ‘ಹಸಿದವರು ಇದ್ದೀರಾ?’ ಎಂದು ಮೂರು ಸಲ ಕೂಗಬೇಕು. ಓಗೊಟ್ಟವರಿಗೆ ಬಡಿಸಿ ಉಳಿದರೆ ಮಾತ್ರ ತಾನು ಉಣ್ಣಬೇಕು.

ಮುಪ್ಪಿನಿಂದ ಕಿವಿ ಮಂದವಾದ ಮೇಲೆ ಅವರು ಕೂಗುವ ಕೆಲಸವನ್ನು ಶಿಷ್ಯ ಶಂಭುಲಿಂಗನಿಗೆ ವಹಿಸಿದ್ದರು. ಛತ್ರದ ಸೌಟನ್ನು ಅವನ ಕೈಗಿತ್ತು ಹಿರಿತನವನ್ನು ಒಪ್ಪಿಸುವ ದಿನವೂ ಬಂದಿತು. ಹದಿನೆಂಟು ವರ್ಷ ಶಂಭುಲಿಂಗನು ಆ ದಿನಕ್ಕಾಗಿ ಕಾದಿದ್ದನು.

ಆ ಮಧ್ಯಾಹ್ನ ಅಡವಯ್ಯನವರು ಎಲೆಯ ಮುಂದೆ ಕುಳಿತು ಕೇಳಿದರು: “ಕೂಗಿದೆಯಾ?”

“ಮೂರು ಸಲ ಕೂಗಿದೆ, ಅಜ್ಜಾರೇ.”

“ನನಗೆ ಕೇಳಿಸಲಿಲ್ಲ.”

“ತಮ್ಮ ಕಿವಿ ಮಂದವಾಗಿದೆ.”

ಒಲೆಯ ಬಳಿಯಿಂದ ನೀಲವ್ವ ನಕ್ಕಳು. “ಅಜ್ಜಾರ ಕಿವಿ ಬಿಡ್ರಿ. ನನ್ನ ಕಿವಿ ನೆಟ್ಟಗ ಐತಿ, ನನಗೂ ಕೇಳಿಲ್ಲ. ಬಾಗಿಲದಾಗ ಮಲಗಿದ್ದ ಬೆಕ್ಕು ಸೈತ ಕಣ್ಣು ತೆರೀಲಿಲ್ಲ.”

ಅಡವಯ್ಯನವರು ಎಲೆಯಿಂದ ಕೈಯನ್ನು ಹಿಂದೆಗೆದರು. “ಹೀಗೆ ಯಾರಿಗೂ ಕೇಳಿಸದಂತೆ ಕೂಗುವುದನ್ನು ಯಾರಿಂದ ಕಲಿತೆ?”

ಶಂಭುಲಿಂಗನು ತಲೆ ತಗ್ಗಿಸಿದನು. “ತಮ್ಮಿಂದ.”

“ನನ್ನಿಂದಲೇ? ನನ್ನ ಕೂಗನ್ನು ಕೇಳಿಯೇ ಅಲ್ಲವೇ ನೀನು ಈ ಮನೆಗೆ ಬಂದದ್ದು? ಬಂದವರಿಗೆಲ್ಲ ಅದನ್ನೇ ಹೇಳಿಕೊಂಡಿದ್ದೇನೆ.”

“ನಾನು ಬಾಗಿಲಿಗೆ ಒರಗಿ ಕುಳಿತಿದ್ದೆ. ಅದಕ್ಕೇ ಕೇಳಿಸಿತು. ನನ್ನ ತಾಯಿ ಇಪ್ಪತ್ತು ಹೆಜ್ಜೆಯಾಚೆ, ಬೇವಿನ ಮರದ ಕೆಳಗೆ ಮಲಗಿದ್ದಳು. ಅವಳಿಗೆ ಕೇಳಿಸಲಿಲ್ಲ.”

“ನೀನು ಕರೆಯಬಹುದಿತ್ತು.”

“ಮೊದಲು ಉಂಡೆ. ಆಮೇಲೆ ಒಂದು ಹಿಡಿ ಅನ್ನ ಒಯ್ದೆ. ಅವಳು ಬಾಯಿ ತೆರೆಯಲಿಲ್ಲ.”

ನೀಲವ್ವನ ನಗೆ ನಿಂತಿತು.

ಅಡವಯ್ಯನವರು ಕೇಳಿದರು: “ಯಾರ ಹೆಣವೆಂದು ತಿಳಿಯದೆ ನಾನೇ ಮಣ್ಣು ಮಾಡಿಸಿದ ಆ ಹೆಂಗಸು ನಿನ್ನ ತಾಯಿಯೇ?”

“ಹೌದು.”

“ಏಕೆ ಹೇಳಲಿಲ್ಲ?”

“ಹೇಳಿದ್ದರೆ ಮರುದಿನ ನನಗೆ ಎಲೆ ಹಾಕುತ್ತಿದ್ದಿರೇ?”

ಅಡವಯ್ಯನವರು ಅನ್ನದ ಪಾತ್ರೆಯತ್ತ ನೋಡಿದರು.

“ಬರ ಬಿದ್ದ ಆ ವರ್ಷ ಪಾತ್ರೆಯ ತಳದಲ್ಲಿ ಇಬ್ಬರಿಗಾಗುವಷ್ಟು ಅನ್ನವಿತ್ತು,” ಎಂದರು. “ಕೂಗದೆ ಉಣ್ಣುವ ಧೈರ್ಯ ನನಗಿರಲಿಲ್ಲ. ಕೇಳಿಸುವಂತೆ ಕೂಗುವ ಧೈರ್ಯವೂ ಇರಲಿಲ್ಲ. ಆಮೇಲೆ ಪಾತ್ರೆ ತುಂಬಿತು. ದನಿ ಮಾತ್ರ ಏರಲಿಲ್ಲ. ಈ ಬಾಗಿಲಿನಿಂದ ಹಸಿದು ಮರಳಿದವರಿಲ್ಲವೆಂದು ಜನ ಹೊಗಳಿದರು, ಕೇಳಿ ಹಿಗ್ಗಿದೆ.”

ಅವರು ಎದ್ದು ಸೌಟನ್ನು ಶಿಷ್ಯನ ಕೈಗಿತ್ತರು.

“ಇಂಥವನಿಗೂ ಇದನ್ನು ಕೊಡುವಿರಾ?”

“ಕೊಡುವವನೂ ಇಂಥವನೇ.”

ಊರುಗೋಲು ಹಿಡಿದು ಹೊರನಡೆದ ಅಡವಯ್ಯನವರು ಬೇವಿನ ಮರದ ಕೆಳಗೆ ಕುಳಿತರು. ಒಳಗೆ ಎಲೆಯಲ್ಲಿ ಬಡಿಸಿದ್ದು ಹಾಗೆಯೇ ಇತ್ತು. ಶಂಭುಲಿಂಗನು ಓಡಿಬಂದು ಅವರ ಕಾಲು ಹಿಡಿದನು.

“ಒಳಗೆ ಬನ್ನಿ, ಅಜ್ಜಾರೇ. ಉಣ್ಣಿರಿ.”

“ನಾಳೆ ಬಾಗಿಲಲ್ಲಿ ನಿಂತು ಕೂಗು. ಕೇಳಿಸಿದರೆ ಬಂದು ಉಣ್ಣುತ್ತೇನೆ.”

“ಅಷ್ಟು ದೂರದಿಂದ ಎಷ್ಟು ಕೂಗಿದರೂ ಕೇಳಿಸದೆಂದು ತಮಗೇ ಗೊತ್ತು!”

“ಅವಳಿಗೂ ಹಸಿವಿನಿಂದ ಕಿವಿ ಮಂದವಾಗಿದ್ದೀತು.”

ಮರುದಿನ ಶಂಭುಲಿಂಗನು ಗಂಟಲು ಬಿರಿಯುವಂತೆ ಮೂರು ಸಲ ಕೂಗಿದನು. ದಾರಿಯಲ್ಲಿದ್ದ ಹದಿನೇಳು ಮಂದಿ ಒಳಬಂದು ಉಂಡರು. ಅಡವಯ್ಯನವರು ಬರಲಿಲ್ಲ.