ಕಳ್ಳ ಆರಿಸಿದ ಶೇರು

ನಾನು ಹಳ್ಳಿಯವನು, ನಿಜ. ಆದರೆ ಗಂಗಾವತಿಯ ಅಕ್ಕಿ ಗಿರಣಿಗಳಲ್ಲಿ ನನ್ನಷ್ಟು ಬುದ್ಧಿಯ ಗುಮಾಸ್ತ ಇನ್ನೊಬ್ಬನಿಲ್ಲ. ನಮ್ಮ ಗಿರಣಿ ಮಾಲೀಕ ಮಹಾರುದ್ರಪ್ಪ ಸಾಹುಕಾರರಿಗೂ ಅದು ಗೊತ್ತು. ಅದಕ್ಕೇ ಒಂದು ಮದುವೆಗೆ ಹೊರಟಾಗ ಕಾರಿನಲ್ಲೇ ನನ್ನನ್ನು ಹಿಡಿದರು.

“ಲೇ, ಓಟದ ಬೂಟು ಮಾಡೋ ಎರಡು ಕಂಪನಿ ಅದಾವ. ಯಾವುದರ ಶೇರು ತಗೊಳ್ಳಲಿ? ಊಟ ಮುಗಿಯೋದ್ರಾಗ ಹೇಳು. ಶೇರು ಬಿತ್ತಂದ್ರ ನಿನ್ನ ಸಂಬಳದಾಗ ಹಿಡೀತೀನಿ.”

“ಆತ್ರಿ ಸಾವ್ಕಾರ್ರ.”

ಅವರ ಕಾಲಲ್ಲಿ ಒಂದು ಕಂಪನಿಯ ಹೊಸ ಬೂಟು, ನನ್ನ ಕಾಲಲ್ಲಿ ಇನ್ನೊಂದರದು. ಬೆಲೆಯಲ್ಲಿ ನಾನೇನೂ ಕಡಿಮೆಯವನಲ್ಲ.

ಕಲ್ಯಾಣ ಮಂಟಪದ ಹೊರಗೆ ಸಾಹುಕಾರರು ಎಂದಿನಂತೆ ಕಳ್ಳರಿಗೆ ಹೆದರಿ ಎಡಗಾಲಿನದನ್ನು ಒಂದು ಮೂಲೆಯಲ್ಲಿ, ಬಲಗಾಲಿನದನ್ನು ಇನ್ನೊಂದು ಮೂಲೆಯಲ್ಲಿ ಬಿಟ್ಟರು. ನಾನು ನನ್ನವನ್ನು ಬಾಗಿಲ ಎದುರಿಗೇ ಜೋಡಿಸಿ, ಮೂತಿ ರಸ್ತೆಯ ಕಡೆ ತಿರುಗಿಸಿ ಇಟ್ಟೆ. ಕದಿಯುವವನಿಗೆ ಹಾಕಿಕೊಂಡು ಹೋಗುವುದಷ್ಟೇ ಕೆಲಸ. ಒಳಗೆ ಹೋಗಿ ನಿಶ್ಚಿಂತೆಯಿಂದ ಎರಡು ಸಲ ಹೋಳಿಗೆ ಹಾಕಿಸಿಕೊಂಡೆ.

ಹೊರಗೆ ಬಂದಾಗ ನನ್ನವು ಇದ್ದಲ್ಲೇ ಇದ್ದವು. ಸಾಹುಕಾರರವು ಎರಡೂ ಇರಲಿಲ್ಲ.

“ನಿಮ್ಮ ಬೂಟಿನ ಕಂಪನೀನ ತಗೋರಿ,” ಎಂದೆ. “ಕಳ್ಳ ಕೈಗೆ ಸಿಗೋ ಜೋಡಿ ಬಿಟ್ಟು, ಮೂಲಿ ಮೂಲಿ ಹುಡುಕಿ ನಿಮ್ಮವನ್ನ ಒಯ್ದಾನ. ಇಂಥಾ ಗಿರಾಕಿ ಇರೋ ಕಂಪನಿ ಮುಳುಗತೈತೇನ್ರಿ?”

ಸಾಹುಕಾರರು ಕಾದ ಕಲ್ಲಿನ ಮೇಲೆ ಕಾಲು ಬದಲಾಯಿಸುತ್ತ ನನ್ನ ಬೂಟನ್ನೇ ನೋಡಿದರು.

“ಶೇರು ಬಿದ್ದರ?”

“ಆ ಕಳ್ಳನ ಸಂಬಳದಾಗ ಹಿಡೀರಿ. ಆರಿಸಿದಾಂವ ಅವನ ಅಲ್ಲೇನ್ರಿ?”